ಎರಡನೆಯ ಕೂಗು

ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿಗಳನ್ನು ದಾಟಿ ಪಶ್ಚಿಮಕ್ಕೆ ಮುಂದುವರಿದರೆ ಸುಂಕದಕಟ್ಟೆ ಸಿಗುತ್ತದೆ. ಸುಂಕ ಎತ್ತುವ ಕಟ್ಟೆ ಎಂಬ ಅರ್ಥ ಹೆಸರಿನಲ್ಲಿಯೇ ಇರುವುದರಿಂದ ಬಿಡಿಸಿ ಹೇಳಬೇಕಾಗಿಲ್ಲ. ಅದೇ ರಸ್ತೆಯಲ್ಲಿ, ಊರಿಗೆ ಇನ್ನೂ ಹತ್ತಿರದಲ್ಲಿ, ಟೋಲ್‌ಗೇಟ್ ಎಂಬ ಹೆಸರಿನ ಬಸ್ ನಿಲ್ದಾಣವೂ ಉಂಟು. ಒಂದೇ ದಾರಿಯಲ್ಲಿ ಎರಡು ಭಾಷೆಗಳಲ್ಲಿ ಸುಂಕದ ನೆನಪು ಉಳಿದಿರುವುದು ಅಪರೂಪವಷ್ಟೆ. ಈಗ ಸುಂಕದಕಟ್ಟೆಯಲ್ಲಿ ಸರಕಿನ ಗಾಡಿಯನ್ನು ತಡೆದು ನಿಲ್ಲಿಸುವವರಾರೂ ಇಲ್ಲ. ಸಣ್ಣ ಸಣ್ಣ ಯಂತ್ರಗಾರಿಕೆಯ ಶೆಡ್ಡುಗಳು, ಬೇಕರಿಗಳು, ಬಾಡಿಗೆಯ ಮನೆಗಳು, ಬೆಳಗೂ ಸಂಜೆಯೂ ತುಂಬಿ ತುಳುಕುವ ಬಸ್ಸುಗಳು: ಇದು ಇಂದಿನ ಸುಂಕದಕಟ್ಟೆ. ಆದರೆ ಆ ಬಸ್ಸನ್ನು ಹತ್ತಿ ಪ್ರಯಾಣಿಕರ ಕೈಯಲ್ಲಿರುವ ಮೊಬೈಲುಗಳ ಕಡೆಗೆ ಕಣ್ಣು ಹಾಯಿಸಿದರೆ, ಸುಂಕದ ವ್ಯವಹಾರ ಬೇರೊಂದು ರೂಪದಲ್ಲಿ ನಡೆದೇ ಇರುವುದು ಕಾಣುತ್ತದೆ.

ನಮ್ಮ ನಾಡಿನಲ್ಲಿ ಕಟ್ಟೆ ಎರಡು ಬಗೆಯದು. ಒಂದು ಅರಳಿಕಟ್ಟೆ, ಅಲ್ಲಿ ಕುಳಿತು ಹರಟುವುದಕ್ಕೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಇನ್ನೊಂದು ಸುಂಕದಕಟ್ಟೆ, ಅದನ್ನು ದಾಟಬೇಕಾದರೆ ಕೈ ಬಿಚ್ಚಲೇಬೇಕು. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲಗಳು ಹೊರನೋಟಕ್ಕೆ ಅರಳಿಕಟ್ಟೆಗಳು, ಒಳಗಿನ ಲೆಕ್ಕದಲ್ಲಿ ಸುಂಕದಕಟ್ಟೆಗಳು. ಹರಟುವವನಿಂದ ಅಲ್ಲಿ ಹಣ ಕೇಳುವುದಿಲ್ಲ, ಕೇಳಿಸಿಕೊಳ್ಳುವವನಿಂದಲೂ ಕೇಳುವುದಿಲ್ಲ. ಅವರಿಬ್ಬರ ನಡುವೆ ನುಸುಳಿ ತನ್ನ ಸರಕನ್ನು ತೋರಿಸಬೇಕೆನ್ನುವ ಮೂರನೆಯವನು, ಅಂದರೆ ಜಾಹೀರಾತುದಾರನು, ಸುಂಕ ತೆರುತ್ತಾನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನವುಳ್ಳ ಮೆಟಾ ಕಂಪನಿಗೆ 2023ರಲ್ಲಿ ಬಂದ ವರಮಾನ ಸುಮಾರು 13,490 ಕೋಟಿ ಡಾಲರು. ಅದರಲ್ಲಿ 13,190 ಕೋಟಿ ಡಾಲರು ಜಾಹೀರಾತಿನಿಂದಲೇ ಬಂದುದು. ನೂರಕ್ಕೆ ತೊಂಬತ್ತೇಳಕ್ಕಿಂತ ಹೆಚ್ಚು!

ಇಷ್ಟು ಹೊಳೆಯಾಗಿ ಹರಿಯುವ ಹಣದಲ್ಲಿ ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ ಮಾತನಾಡುವವನ ಬೊಗಸೆಗೆ ಬೀಳುವುದೆಷ್ಟು? ಸುಂಕದಕಟ್ಟೆಯ ಒಂದು ಶೆಡ್ಡಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ಅವನು ಬಿಡುವಿನ ವೇಳೆಯಲ್ಲಿ ಕಬ್ಬಿಣವನ್ನು ಕಡೆಯುವ ಬಗೆ, ಹರಳು ಕೊಯ್ಯುವ ಅಲಗನ್ನು ಸಾಣೆ ಹಿಡಿಯುವ ಬಗೆ ಇವುಗಳನ್ನು ಕನ್ನಡದಲ್ಲಿ ವಿವರಿಸಿ ವಿಡಿಯೋ ಮಾಡಿ ಯೂಟ್ಯೂಬಿನಲ್ಲಿ ಹಾಕುತ್ತಾನೆ. ಒಂದು ವಿಡಿಯೋವನ್ನು ಒಂದು ಲಕ್ಷ ಸಲ ಜನ ನೋಡಿದರೆನ್ನೋಣ. ಲಕ್ಷ ಜನ ಎಂದರೆ ಒಂದು ದೊಡ್ಡ ಜಾತ್ರೆ. ಅಷ್ಟು ಜನರ ಮುಂದೆ ನಿಂತು ಮಾತನಾಡಿದವನಿಗೆ ಕೈತುಂಬ ಸಂಭಾವನೆ ದೊರೆಯಬೇಕೆಂದು ಯಾರಿಗಾದರೂ ತೋರುವುದು ಸಹಜವೇ.

ಲೆಕ್ಕ ಹಾಕಿ ನೋಡೋಣ. ನೋಡಿದ ಪ್ರತಿಸಲವೂ ಜಾಹೀರಾತು ಬರುವುದಿಲ್ಲ. ಬಂದರೂ ಅನೇಕರು ಐದು ಸೆಕೆಂಡು ಕಾದು ಅದನ್ನು ದಾಟಿಸಿಬಿಡುತ್ತಾರೆ, ಮತ್ತು ಒಂದು ಬಗೆಯ ಜಾಹೀರಾತಿನಲ್ಲಿ ಹಾಗೆ ದಾಟಿಸಿದರೆ ಜಾಹೀರಾತುದಾರನು ಕಾಸು ಕೊಡಬೇಕಾಗಿಲ್ಲ. ಆದಕಾರಣ ಹಣ ಹುಟ್ಟಿಸುವ ನೋಟಗಳು ನಲವತ್ತು ಸಾವಿರ ಎಂದಿಟ್ಟುಕೊಳ್ಳೋಣ. ಜಾಹೀರಾತಿನ ಬೆಲೆಯನ್ನು ಸಾವಿರ ನೋಟಕ್ಕೆ ಇಷ್ಟು ಎಂದು ಹೇಳುವುದು ಈ ವ್ಯಾಪಾರದ ರೂಢಿ. ಸಾವಿರಕ್ಕೆ 60 ರೂಪಾಯಿ ಎಂದು ಹಿಡಿದರೆ ಒಟ್ಟು 2,400 ರೂಪಾಯಿ ಆಯಿತು. ಇಂಥ ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ ಯೂಟ್ಯೂಬ್ ನೂರಕ್ಕೆ 45 ಪಾಲನ್ನು ತಾನಿಟ್ಟುಕೊಂಡು 55 ಪಾಲನ್ನು ವಿಡಿಯೋ ಮಾಡಿದವನಿಗೆ ಕೊಡುತ್ತದೆ. ತರುಣನಿಗೆ ಬಂದದ್ದು 1,320 ರೂಪಾಯಿ. ಅದೂ ಕೂಡಲೇ ಕೈಸೇರುವುದಿಲ್ಲ. ಲೆಕ್ಕದಲ್ಲಿ 100 ಡಾಲರು ಕೂಡುವ ತನಕ ಹಣ ಹೊರಡದು. ಅಂದರೆ ಲಕ್ಷ ಜನರ ಜಾತ್ರೆ ಆರೇಳು ಸಲ ಸೇರಬೇಕು.

ಇಲ್ಲಿ ನಾವು ಹಿಡಿದಿರುವ 60 ರೂಪಾಯಿ ಬರಿಯ ಊಹೆಯ ಅಂಕೆ. ಆದರೆ ಇಡೀ ಪ್ರಶ್ನೆಯ ಕೀಲು ಇರುವುದೂ ಅದರಲ್ಲಿಯೇ. ಆ ಬೆಲೆಯನ್ನು ನಿಶ್ಚಯಿಸುವವರು ಯಾರು? ಯೂಟ್ಯೂಬಿನ ಅಧಿಕಾರಿಯೊಬ್ಬನು ಕುಳಿತು ಕನ್ನಡಕ್ಕೆ ಇಷ್ಟು, ಇಂಗ್ಲಿಷಿಗೆ ಅಷ್ಟು ಎಂದು ಪಟ್ಟಿ ಬರೆದಿಟ್ಟಿಲ್ಲ. ಬೆಲೆ ಹುಟ್ಟುವುದು ಹರಾಜಿನಲ್ಲಿ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ರೈತನು ಗೂಡಿನ ರಾಶಿಯನ್ನು ತರುತ್ತಾನೆ. ರೀಲರುಗಳು ಪೈಪೋಟಿಯಿಂದ ಬೆಲೆ ಹೇಳುತ್ತಾರೆ. ಬೆಲೆ ಮನಸ್ಸಿಗೆ ಬಾರದಿದ್ದರೆ ರೈತನು ಒಲ್ಲೆನೆನ್ನಬಹುದು. ಮೊಬೈಲಿನ ಪರದೆಯ ಹಿಂದೆ ನಡೆಯುವುದೂ ಇಂಥದೇ ಹರಾಜು. ಪ್ರಯಾಣಿಕನೊಬ್ಬನು ವಿಡಿಯೋವನ್ನು ಮುಟ್ಟಿದ ಕೂಡಲೇ, ಅವನ ಕಣ್ಣೆದುರಿನ ಕೆಲವು ಸೆಕೆಂಡುಗಳು ಮಾರಾಟಕ್ಕಿವೆ ಎಂದು ಗಣಕಯಂತ್ರ ಸಾರುತ್ತದೆ. ಜಾಹೀರಾತುದಾರರು ಮೊದಲೇ ಬರೆದಿಟ್ಟ ಬೆಲೆಗಳು ಒಂದರೊಡನೊಂದು ಸೆಣಸುತ್ತವೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಹರಾಜು ಮುಗಿದು ಗೆದ್ದವನ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗೂಡಿನ ಒಡೆಯನಂತೆ ಒಲ್ಲೆನೆನ್ನುವ ಹಕ್ಕು ಕಣ್ಣಿನ ಒಡೆಯನಿಗಿಲ್ಲ.

ಈ ಹರಾಜುಗಳ ತತ್ತ್ವವನ್ನು ಅರಿಯಬೇಕಾದರೆ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞನನ್ನು ನೆನೆಯಬೇಕು. ಕೆನಡಾದಲ್ಲಿ ಹುಟ್ಟಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಈತ 1961ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಎಲ್ಲರೂ ತಮ್ಮ ಬೆಲೆಯನ್ನು ಗುಟ್ಟಾಗಿ ಬರೆದು ಕೊಡಲಿ. ಹೆಚ್ಚು ಬರೆದವನು ಗೆಲ್ಲಲಿ. ಆದರೆ ಅವನು ಕೊಡಬೇಕಾದ ಹಣ ತಾನು ಬರೆದದ್ದಲ್ಲ, ಎರಡನೆಯವನು ಬರೆದದ್ದು. ಹೀಗೆ ಮಾಡಿದರೆ ಯಾರಿಗೂ ತಮ್ಮ ಮನಸ್ಸಿನ ಬೆಲೆಯನ್ನು ಮುಚ್ಚಿಟ್ಟು ಸುಳ್ಳು ಬರೆಯುವುದರಿಂದ ಲಾಭವಿರುವುದಿಲ್ಲ ಎಂದು ಅವನು ತೋರಿಸಿಕೊಟ್ಟನು. 1996ರ ಅಕ್ಟೋಬರಿನಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಅದಾದ ಮೂರೇ ದಿನಗಳಲ್ಲಿ ಅವನು ತೀರಿಕೊಂಡನು. ತನ್ನ ಸೂತ್ರ ಮುಂದೆ ಜಗತ್ತಿನ ಅತಿ ದೊಡ್ಡ ಹರಾಜುಗಳಿಗೆ ಅಡಿಪಾಯವಾಗುವುದನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ. ಫೇಸ್‌ಬುಕ್ಕಿನ ಹರಾಜು ವಿಕ್ರಿಯ ಸೂತ್ರದ ವಿಸ್ತರಣೆಯೊಂದನ್ನು ಆಧರಿಸಿ ಕಟ್ಟಿದ್ದು. ಗೂಗಲ್ ಕಂಪನಿಯು ತನ್ನ ಕೆಲವು ಹರಾಜುಗಳಲ್ಲಿ 2019ರಿಂದೀಚೆಗೆ ಗೆದ್ದವನು ತಾನು ಬರೆದ ಬೆಲೆಯನ್ನೇ ಕೊಡುವ ಪದ್ಧತಿಗೆ ಮರಳಿದೆ. ಆಗಲೂ ಬುದ್ಧಿವಂತನಾದ ಜಾಹೀರಾತುದಾರನು ಎರಡನೆಯವನನ್ನು ಸ್ವಲ್ಪದರಲ್ಲಿ ಮೀರಿಸಲು ಎಷ್ಟು ಬೇಕೋ ಅಷ್ಟನ್ನೇ ಬರೆಯುವುದರಿಂದ, ಫಲದಲ್ಲಿ ಹೆಚ್ಚು ಅಂತರವಾಗುವುದಿಲ್ಲ.

ಇದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸೋಣ. ಸುಂಕದಕಟ್ಟೆಯ ಬಸ್ಸಿನಲ್ಲಿ ಕುಳಿತ ಒಬ್ಬ ಪ್ರಯಾಣಿಕನಿಗಾಗಿ ಮೂವರು ಕೂಗುತ್ತಿದ್ದಾರೆ. ಮೋಟಾರ್ ಸೈಕಲ್ಲಿನ ಕಂಪನಿ ಸಾವಿರಕ್ಕೆ 120 ರೂಪಾಯಿಯ ಲೆಕ್ಕದಲ್ಲಿ ಕೂಗಿದೆ; ಸಾಲ ಕೊಡುವ ಸಂಸ್ಥೆಯೊಂದು 80 ಎಂದಿದೆ; ಹತ್ತಿರದ ಬೇಕರಿಯವನು 30 ಎಂದಿದ್ದಾನೆ. ಮೋಟಾರ್ ಸೈಕಲ್ಲಿನವರು ಗೆದ್ದು 80 ರೂಪಾಯಿ ಕೊಡುತ್ತಾರೆ. ಈಗ ಸಾಲದ ಸಂಸ್ಥೆ ಈ ಕನ್ನಡದ ವೀಕ್ಷಕ ನಮಗೆ ಬೇಡ ಎಂದು ಎದ್ದುಹೋಯಿತೆನ್ನಿ. ಗೆಲ್ಲುವವರು ಮತ್ತೆ ಮೋಟಾರ್ ಸೈಕಲ್ಲಿನವರೇ. ಅವರ ಶಕ್ತಿಯೂ ಆಸೆಯೂ ಕಿಂಚಿತ್ತೂ ತಗ್ಗಿಲ್ಲ. ಆದರೂ ಅವರು ಕೊಡುವುದು 30 ರೂಪಾಯಿ ಮಾತ್ರ. ಬೇಕರಿಯವನೂ ಎದ್ದುಹೋದರೆ, ಕಟ್ಟೆಯವರು ಇಟ್ಟಿರುವ ಕನಿಷ್ಠ ಬೆಲೆ ಉಳಿಯಿತು, ಅಷ್ಟೆ. ಹರಾಜಿನಲ್ಲಿ ಬೆಲೆಯನ್ನು ಕಟ್ಟುವವನು ಸೋತವನು! ನೋಡುವವರು ಎಷ್ಟು ಮಂದಿ ಎಂಬುದಕ್ಕಿಂತ, ಎರಡನೆಯ ಕೂಗು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ನಮ್ಮ ತರುಣನ ಸಂಪಾದನೆ ನಿಂತಿದೆ.

2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 4 ಕೋಟಿ 37 ಲಕ್ಷ. ಹಿಂದಿಯನ್ನು ಹೇಳಿದವರು 52 ಕೋಟಿಗೂ ಮೇಲೆ. ದೇಶಕ್ಕೆಲ್ಲ ಸರಕು ಮಾರುವವನು ಒಂದೇ ಜಾಹೀರಾತನ್ನು ಹಿಂದಿಯಲ್ಲಿ ಮಾಡಿಸಿ ಹೆಚ್ಚು ಜನಕ್ಕೆ ತೋರಿಸಲು ಬಯಸುತ್ತಾನೆ. ಕನ್ನಡಕ್ಕೆಂದು ಬೇರೆ ಜಾಹೀರಾತು ಮಾಡಿಸುವ ಶ್ರಮವನ್ನು ಎಲ್ಲರೂ ವಹಿಸುವುದಿಲ್ಲ. ಹೀಗೆ ಕನ್ನಡದ ಹರಾಜುಕಟ್ಟೆಯಲ್ಲಿ ಕೂಗುವವರು ವಿರಳರಾಗುತ್ತಾರೆ. ಇದಲ್ಲದೆ ವೀಕ್ಷಕನು ಕುಳಿತ ಊರಿಗೂ ಬೆಲೆಯುಂಟು. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ಕಿಗೆ ಅಮೆರಿಕ ಮತ್ತು ಕೆನಡಾಗಳ ಒಬ್ಬೊಬ್ಬ ಬಳಕೆದಾರನಿಂದ ಸರಾಸರಿ 68 ಡಾಲರು 44 ಸೆಂಟು ವರಮಾನ ಬಂದಿತು. ಭಾರತವೂ ಸೇರಿದ ಏಷ್ಯ-ಪೆಸಿಫಿಕ್ ವಲಯದಲ್ಲಿ ಬಂದುದು 5 ಡಾಲರು 52 ಸೆಂಟು. ಒಂದು ಕಣ್ಣು ಹನ್ನೆರಡು ಕಣ್ಣುಗಳ ಬೆಲೆ ಬಾಳುವುದೆಂದಾಯಿತು. ಕಾಸರಗೋಡಿನ ಕಡೆಯ ‘ಭಟ್ ಎನ್ ಭಟ್’ ಎಂಬ ಅಡುಗೆಯ ವಾಹಿನಿಯಂಥದನ್ನು ಹೊರನಾಡಿನ ಕನ್ನಡ ಕುಟುಂಬಗಳೂ ನೋಡುತ್ತವೆ. ಹಲಸಿನ ಹಪ್ಪಳವನ್ನು ಕ್ಯಾಲಿಫೋರ್ನಿಯದಲ್ಲಿ ಕುಳಿತು ನೋಡಿದವರಿಗಾಗಿ ಕೂಗುವವರು ಬೇರೆ, ಪುತ್ತೂರಿನಲ್ಲಿ ಕುಳಿತು ನೋಡಿದವರಿಗಾಗಿ ಕೂಗುವವರು ಬೇರೆ. ಆದರೆ ಅಮೆರಿಕದ ನೋಟದಿಂದ ಬಂದ ಪಾಲಿನಲ್ಲಿ 2021ರಿಂದ ಆ ದೇಶದ ತೆರಿಗೆಯನ್ನೂ ಮುರಿದುಕೊಳ್ಳುತ್ತಾರೆ.

ಸುಂಕದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ವಿದೇಶೀ ಕಂಪನಿಗಳು ಭಾರತದಲ್ಲಿ ಮಾರುವ ಅಂತರ್ಜಾಲದ ಜಾಹೀರಾತಿನ ಮೇಲೆ ನಮ್ಮ ಸರ್ಕಾರವು 2016ರ ಜೂನ್ 1ರಿಂದ ನೂರಕ್ಕೆ 6ರಂತೆ ಒಂದು ಸುಂಕವನ್ನು ವಿಧಿಸಿತ್ತು. 2025ರ ಏಪ್ರಿಲ್ 1ರಿಂದ ಅದನ್ನು ರದ್ದುಪಡಿಸಲಾಯಿತು.

ವೀಕ್ಷಕನನ್ನು ಕುರಿತ ತಿಳಿವಳಿಕೆ ಹೆಚ್ಚಿದಷ್ಟೂ ಕೂಗು ಏರುತ್ತದೆ. ಮೋಟಾರ್ ಸೈಕಲ್ ಕೊಳ್ಳುವ ಯೋಚನೆಯಲ್ಲಿರುವವನು ಇವನೇ ಎಂದು ಗೊತ್ತಾದರೆ ಆ ಕಂಪನಿ ನಾಲ್ಕು ಕಾಸು ಹೆಚ್ಚಾಗಿಯೇ ಕೊಡುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಆಪಲ್ ಕಂಪನಿಯ ನಡೆಯನ್ನು ನೋಡಬಹುದು. 2021ರಲ್ಲಿ ಅದು ತನ್ನ ಫೋನುಗಳಲ್ಲಿ ಬಳಕೆದಾರನ ಅಪ್ಪಣೆಯಿಲ್ಲದೆ ಅವನ ಜಾಡು ಹಿಡಿಯಕೂಡದೆಂದು ನಿಯಮ ಮಾಡಿತು. ಇದರಿಂದ 2022ರಲ್ಲಿ ತಮಗೆ ಸುಮಾರು ಸಾವಿರ ಕೋಟಿ ಡಾಲರು ನಷ್ಟವಾದೀತೆಂದು ಮೆಟಾ ಕಂಪನಿಯವರೇ ಅಂದಾಜು ಮಾಡಿದರು. ಮಕ್ಕಳ ವಿಡಿಯೋಗಳದೂ ಇದೇ ಕಥೆ. 2020ರ ಜನವರಿಯಿಂದ ಯೂಟ್ಯೂಬಿನಲ್ಲಿ ಮಕ್ಕಳಿಗೆಂದು ಮಾಡಿದ ವಿಡಿಯೋಗಳಿಗೆ ವೀಕ್ಷಕನ ಅಭಿರುಚಿಯನ್ನು ಹಿಡಿದು ತೋರುವ ಜಾಹೀರಾತು ನಿಂತುಹೋಯಿತು. ಕನ್ನಡದಲ್ಲಿ ಶಿಶುಗೀತೆಗಳ ವಿಡಿಯೋ ಮಾಡುವವರಿಗೂ ಅದು ತಟ್ಟಿತು. ಮಕ್ಕಳ ಹಿತದಿಂದ ಇದು ಒಳ್ಳೆಯ ನಿಯಮವೆಂದೇ ನಮ್ಮ ಅಭಿಪ್ರಾಯ. ಆದರೆ ಒಳ್ಳೆಯ ನಿಯಮಕ್ಕೂ ಯಾರಾದರೊಬ್ಬರು ಬೆಲೆ ತೆರಬೇಕಾಗುತ್ತದೆ.

ಹರಾಜಿನವರೆಗೆ ಬರುವುದಕ್ಕೂ ಹೊಸ್ತಿಲುಗಳಿವೆ. 2018ರ ಫೆಬ್ರವರಿಯಿಂದ, 1,000 ಚಂದಾದಾರರೂ ಹಿಂದಿನ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇಲ್ಲದವರಿಗೆ ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲಿಲ್ಲವೆಂದಾಯಿತು. ಅದಕ್ಕೆ ಮೊದಲು ಪಾಲು ಪಡೆಯುತ್ತಿದ್ದ ಅನೇಕರು ಒಂದೇ ಸಲಕ್ಕೆ ಹೊರಬಿದ್ದರು. ಹೀಗೆ ಹೊರಬಿದ್ದವರಲ್ಲಿ ನೂರಕ್ಕೆ 99 ಮಂದಿ ವರ್ಷಕ್ಕೆ 100 ಡಾಲರನ್ನೂ ಸಂಪಾದಿಸುತ್ತಿರಲಿಲ್ಲವೆಂದು ಕಂಪನಿ ಸಮಾಧಾನ ಹೇಳಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಇಂಥ ಸಂದರ್ಭಕ್ಕಾಗಿಯೇ ಮಾಡಿಟ್ಟಿರಬೇಕು. ಆಮೇಲೆ ಅರ್ಧ ನಿಮಿಷ, ಒಂದು ನಿಮಿಷದ ಕಿರುವಿಡಿಯೋಗಳ ಕಾಲ ಬಂದಿತು. ಅವುಗಳ ನಡುವೆ ತೋರಿದ ಜಾಹೀರಾತಿನ ಹಣವನ್ನೆಲ್ಲ ಒಂದೆಡೆ ರಾಶಿ ಹಾಕಿ, ಸಂಗೀತದ ಹಕ್ಕಿನ ಪಾಲನ್ನು ಕಳೆದು, ಉಳಿದುದನ್ನು ನೋಟಗಳ ಪ್ರಮಾಣದಲ್ಲಿ ಹಂಚಿ, ಅದರಲ್ಲಿ ನೂರಕ್ಕೆ 45ನ್ನು ಮಾಡಿದವರಿಗೆ ಕೊಡುವ ಪದ್ಧತಿ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು.

ಇಷ್ಟಾದರೂ ಇದು ಕಟ್ಟೆಯ ಮೇಲೆ ಕುಳಿತವನ ಕಷ್ಟ. ಕಟ್ಟೆಯನ್ನೇ ಕಟ್ಟಿದವನ ಕಷ್ಟ ಇದಕ್ಕಿಂತ ಘೋರವಾದುದು. ಹಾಗಾದರೆ ನಮ್ಮದೇ ಒಂದು ಕಟ್ಟೆಯನ್ನು ಕಟ್ಟಿಕೊಂಡರಾಗದೆ ಎಂದು ವಾಚಕರು ಕೇಳಬಹುದು. ಅದನ್ನೂ ಬೆಂಗಳೂರಿನವರು ಮಾಡಿ ನೋಡಿದರು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ ಎಂಬಿಬ್ಬರು ಕೂಡಿ, ಟ್ವಿಟರಿನ ಮಾದರಿಯಲ್ಲಿ, ‘ಕೂ’ ಎಂಬ ಜಾಲವನ್ನು 2020ರ ಆರಂಭದಲ್ಲಿ ಹೊರತಂದರು. ಅದು ಮೊದಲು ಬಾಯಿ ತೆರೆದದ್ದು ಕನ್ನಡದಲ್ಲಿ. ಹಿಂದಿ ಮೊದಲಾದ ಇತರ ಭಾಷೆಗಳು ಆಮೇಲೆ ಬಂದುವು. ಹಳದಿಯ ಪುಟ್ಟ ಹಕ್ಕಿ ಅದರ ಗುರುತು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂದಿತು. 2021ರ ಫೆಬ್ರವರಿಯಲ್ಲಿ ಸರ್ಕಾರಕ್ಕೂ ಟ್ವಿಟರಿಗೂ ಮನಸ್ತಾಪ ಬೆಳೆದಾಗ ಮಂತ್ರಿಗಳೂ ಸರ್ಕಾರದ ಇಲಾಖೆಗಳೂ ಈ ಹಕ್ಕಿಯ ಕೊಂಬೆಗೆ ಬಂದು ಕುಳಿತರು. 2022ರ ನವೆಂಬರಿನಲ್ಲಿ ದೂರದ ಬ್ರೆಜಿಲ್ ದೇಶದಲ್ಲಿ ಎರಡೇ ದಿನಗಳಲ್ಲಿ ಹತ್ತು ಲಕ್ಷ ಮಂದಿ ಅದನ್ನು ಇಳಿಸಿಕೊಂಡರು. ಏರುಕಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನರೂ ತಿಂಗಳಿಗೆ ಸುಮಾರು ಒಂದು ಕೋಟಿ ಜನರೂ ಅಲ್ಲಿಗೆ ಬರುತ್ತಿದ್ದರು.

ಹಳ್ಳಿಯ ಕಟ್ಟೆಯ ಲೆಕ್ಕದಲ್ಲಿ ಇದು ಅಗಾಧವಾದ ಜನಸಂದಣಿ. ಹರಾಜಿನ ಲೆಕ್ಕದಲ್ಲಿ? ಒಬ್ಬೊಬ್ಬನಿಗೆ ದಿನಕ್ಕೆ ಹತ್ತು ಜಾಹೀರಾತು ತೋರಿಸಲಾಯಿತೆಂದೂ, ಸಾವಿರಕ್ಕೆ 20 ರೂಪಾಯಿ ಬಂದಿತೆಂದೂ ಊಹಿಸೋಣ. ದಿನಕ್ಕೆ 4 ಲಕ್ಷ 20 ಸಾವಿರ, ವರ್ಷಕ್ಕೆ ಸುಮಾರು 15 ಕೋಟಿ ರೂಪಾಯಿ ಆಗುತ್ತದೆ. ಆ ಕಂಪನಿಗೆ ಹೂಡಿಕೆದಾರರು ಕೊಟ್ಟಿದ್ದ ಬಂಡವಾಳವೋ 6 ಕೋಟಿ ಡಾಲರಿಗೂ ಮಿಕ್ಕಿತ್ತು; ನಮ್ಮ ಹಣದಲ್ಲಿ ನಾನೂರೈವತ್ತು ಕೋಟಿ ರೂಪಾಯಿಯ ಆಸುಪಾಸು. ಆ ಇಪ್ಪತ್ತು ರೂಪಾಯಿಯಾದರೂ ಬರಬೇಕಾದರೆ ಕೂಗುವವರು ಒಬ್ಬರಿಗಿಂತ ಹೆಚ್ಚಾಗಿರಬೇಕಷ್ಟೆ. ಜಾಹೀರಾತುದಾರನಿಗೆ ಸುಂಕದಕಟ್ಟೆಯ ಪ್ರಯಾಣಿಕನೇ ಬೇಕಾದರೆ, ಅವನು ಅದೇ ದಿನ ಯೂಟ್ಯೂಬಿನಲ್ಲಿಯೂ ಸಿಗುತ್ತಾನೆ, ಫೇಸ್‌ಬುಕ್ಕಿನಲ್ಲಿಯೂ ಸಿಗುತ್ತಾನೆ. ಅವನ ಅಭಿರುಚಿಯ ಬಗ್ಗೆ ಅಲ್ಲಿ ಹತ್ತಾರು ವರ್ಷದ ಲೆಕ್ಕವಿದೆ. ಅದನ್ನು ಬಿಟ್ಟು ಹೊಸ ಕಟ್ಟೆಗೆ ಬಂದು ಕೂಗುವುದಕ್ಕೆ ಅವನಿಗೆ ಕಾರಣವೇನು? ಮುಂಚೂಣಿಯಲ್ಲಿದ್ದ ಟ್ವಿಟರ್ ಕೂಡ 2006ರಲ್ಲಿ ಹುಟ್ಟಿ, ಪೂರ್ತಿ ಒಂದು ವರ್ಷದ ಲಾಭವನ್ನು ಮೊದಲು ಕಂಡದ್ದು 2018ರಲ್ಲಿ. ಹನ್ನೆರಡು ವರ್ಷ ಯಾರೋ ಅದನ್ನು ಸಾಕಿದರು. ‘ಕೂ’ವಿಗೆ ಆ ಅವಕಾಶ ದೊರೆಯಲಿಲ್ಲ. ಹೂಡಿಕೆಯ ಹಣ ಬತ್ತಿತು. 2023ರಲ್ಲಿ ಕೆಲಸಗಾರರನ್ನು ಇಳಿಸಲಾಯಿತು. ದೊಡ್ಡ ಕಂಪನಿಗಳೊಡನೆ ಕೂಡಿಕೊಳ್ಳುವ ಮಾತುಕತೆ ಮುರಿದುಬಿದ್ದಿತು. 2024ರ ಜುಲೈಯಲ್ಲಿ ಅದು ಮುಚ್ಚಿತು. ಇಂಥ ಜಾಲವು ವರಮಾನದ ಯೋಚನೆ ಮಾಡುವುದಕ್ಕೆ ಮೊದಲೇ ಬಹಳ ದೊಡ್ಡದಾಗಿ ಬೆಳೆಯಬೇಕಾಗುತ್ತದೆಂದೂ, ಅದಕ್ಕೆ ಐದಾರು ವರ್ಷ ತಾಳ್ಮೆಯಿಂದ ಕಾಯುವ ಬಂಡವಾಳ ಬೇಕಾಗಿತ್ತೆಂದೂ ಸ್ಥಾಪಕರು ಬೀಳ್ಕೊಡುಗೆಯ ಪತ್ರದಲ್ಲಿ ಹೇಳಿಕೊಂಡರು. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಹರಾಜನ್ನು ಬಳಸಿ ಹೋಗುವ ದಾರಿಗಳೂ ಇವೆ. ಸರಕಿನವನೊಡನೆ ನೇರವಾಗಿ ಮಾತನಾಡಿಕೊಂಡು, ವಿಡಿಯೋದ ನಡುವೆ ತಾನೇ ಅದನ್ನು ಹೊಗಳಿ ಹಣ ಪಡೆಯುವುದು ಅವುಗಳಲ್ಲೊಂದು. ಆದರೆ ಹಣ ಪಡೆದುದನ್ನು ಮರೆಮಾಚುವಂತಿಲ್ಲ. ಭಾರತದ ಜಾಹೀರಾತು ಗುಣಮಟ್ಟ ಮಂಡಲಿಯು 2021ರಲ್ಲಿ ಈ ಬಗ್ಗೆ ಕಟ್ಟಳೆ ಮಾಡಿತು. ಜನರನ್ನು ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕರ ಕಾನೂನಿನ ಮೇರೆಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೂ ಮರುಕಳಿಸಿದರೆ 50 ಲಕ್ಷದವರೆಗೂ ದಂಡವುಂಟು. ಕರ್ನಾಟಕ ಸರ್ಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತಿನ ಮಾರ್ಗಸೂಚಿಯನ್ನು ಹೊರಡಿಸಿ, ಸಾಮಾಜಿಕ ಜಾಲಗಳಲ್ಲಿ ಸರ್ಕಾರದ ಜಾಹೀರಾತನ್ನು ಕೊಡುವುದಕ್ಕೆ ಕ್ರಮವೊಂದನ್ನು ಗೊತ್ತುಮಾಡಿತು. ಪತ್ರಿಕೆಗಳ ಇತಿಹಾಸವನ್ನು ಬಲ್ಲವರು, ಸರ್ಕಾರದ ಜಾಹೀರಾತನ್ನೇ ನೆಚ್ಚಿದ ಬಾಯಿ ಎಷ್ಟು ಸ್ವತಂತ್ರವಾಗಿ ಉಳಿದೀತು ಎಂದು ಕೇಳದೆ ಇರಲಾರರು. ಲೇತ್ ಯಂತ್ರದ ತರುಣನಿಗೆ ಈ ಎರಡಕ್ಕಿಂತಲೂ ಲೇಸಾದ ದಾರಿಯೊಂದು ಇರಬಹುದು. ಅವನ ವಿಡಿಯೋವನ್ನು ನೋಡಿದ ಪೀಣ್ಯದ ಕಾರ್ಖಾನೆಯವನೊಬ್ಬನು ಇನ್ನೂರು ಬುಷ್ ಕಡೆದು ಕೊಡುವಂತೆ ಕೇಳಿದರೆ, ಲಕ್ಷ ನೋಟದ 1,320 ರೂಪಾಯಿಯನ್ನು ಅವನು ಒಂದೇ ದಿನದಲ್ಲಿ ಮೀರಿಸಬಹುದು. ಅಂಥವನ ಪಾಲಿಗೆ ವಿಡಿಯೋವೇ ಜಾಹೀರಾತು.

ಕಥೆ ಹೇಳುವವನಿಗೆ, ಇತಿಹಾಸ ಹೇಳುವವನಿಗೆ, ವಿಜ್ಞಾನ ಹೇಳುವವನಿಗೆ ಕಡೆದು ಕೊಡುವುದಕ್ಕೆ ಬುಷ್ ಇಲ್ಲ. ಅವನು ಹರಾಜನ್ನೇ ನೆಚ್ಚಬೇಕು. ಆದುದರಿಂದ ನಮ್ಮ ದೃಷ್ಟಿ ಮತ್ತೆ ಬೇಕರಿಯವನ ಕಡೆಗೆ ಹೋಗುತ್ತದೆ. ಸುಂಕದಕಟ್ಟೆಯ ಮುಖ್ಯರಸ್ತೆಯಲ್ಲಿ ಬಟ್ಟೆಯಂಗಡಿ, ಚಾಲನೆ ಕಲಿಸುವ ಶಾಲೆ, ಪಾಠ ಹೇಳುವ ಮನೆ ಮೊದಲಾದವುಗಳ ಬೋರ್ಡುಗಳು ಒಂದರ ಮೇಲೊಂದು ಏರಿಕೊಂಡಿವೆ. ಅವರೆಲ್ಲರ ಗಿರಾಕಿಗಳು ಕೆಲವೇ ಕಿಲೋಮೀಟರಿನೊಳಗಿನವರು. ಇಷ್ಟು ದೂರದೊಳಗಿನವರಿಗೆ ಮಾತ್ರ ತೋರಿಸು, ಕನ್ನಡ ಬಲ್ಲವರಿಗೆ ತೋರಿಸು, ದಿನಕ್ಕೆ ಕೆಲವು ನೂರು ರೂಪಾಯಿ ಮೀರಬೇಡ ಎಂದು ಈ ಜಾಲಗಳಿಗೆ ಅಪ್ಪಣೆ ಮಾಡುವುದು ಮೊಬೈಲಿನಲ್ಲಿಯೇ ಸಾಧ್ಯ. ಅವರು ಕೂಗತೊಡಗಿದರೆ ಹೆಚ್ಚಿನವರು ಗೆಲ್ಲಲಾರರು. ಮೋಟಾರ್ ಸೈಕಲ್ಲಿನವರೇ ಗೆದ್ದಾರು. ಆದರೆ ಬೇಕರಿಯವನು 30ರ ಬದಲು 45 ಎಂದ ಮಾತ್ರಕ್ಕೆ, ಸಾಲದ ಸಂಸ್ಥೆಯು ಎದ್ದುಹೋದ ಕಟ್ಟೆಯಲ್ಲಿಯೂ, ಮೋಟಾರ್ ಸೈಕಲ್ಲಿನವರು 45 ಕೊಡಬೇಕಾಗುತ್ತದೆ.

ಬೇಕರಿಯವನು ಮಾತ್ರ ಸುಮ್ಮನೆ ಹಣ ಸುರಿಯುವವನಲ್ಲ. ಇದರಿಂದ ನನ್ನ ಬನ್ನು ಎಷ್ಟು ಮಾರಿತು ಎಂದು ಕೇಳಿಯೇ ಕೇಳುತ್ತಾನೆ, ಕೇಳಬೇಕು. ಕಂಪನಿಯು ಕೊಡುವ ಅಂಕಿಗಳನ್ನು ನಂಬಿ ಕೂರುವುದಕ್ಕಿಂತ ಅವನು ಸ್ವತಃ ಪರೀಕ್ಷೆ ಮಾಡಿ ನೋಡಬಹುದು. ವಿಡಿಯೋದಲ್ಲಿ ಕಂಡು ಬಂದೆನೆಂದು ಹೇಳಿದವರಿಗೆ ಒಂದು ಬಿಸ್ಕತ್ತು ಹೆಚ್ಚು ಕೊಡುವುದು. ಒಂದು ವಾರ ಜಾಹೀರಾತು ಹಾಕುವುದು, ಮರುವಾರ ನಿಲ್ಲಿಸುವುದು. ಎರಡು ವಾರಗಳ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು. ಹಬ್ಬದ ವಾರವನ್ನು ಮಾತ್ರ ಇದಕ್ಕೆ ಆರಿಸಿಕೊಳ್ಳಬಾರದು.